ಹೊಲ ಕಾಯುವವರಿಗೆ ಯಾವ ಬಗೆಯ ಬಂದೂಕು ಸರಿ?

ಹಾವೇರಿ, ರಾಣೆಬೆನ್ನೂರು ಕಡೆ ಗೋವಿನಜೋಳದ ಹೊಲಕ್ಕೆ ಹಂದಿ ನುಗ್ಗುವ ಕಾಟದಿಂದ ಬೆಳೆ ರಕ್ಷಣೆಯ ಲೈಸೆನ್ಸ್ ಪಡೆದವರು ಕೊಳ್ಳುವ ಮುನ್ನ ವಿಚಾರಿಸಬೇಕಾದದ್ದು ಬಂದೂಕಿನ ಬೆಲೆಯನ್ನಲ್ಲ, ತೋಟಾ ತುಂಬುವ ಮತ್ತು ಹೊರತೆಗೆಯುವ ಅದರ ವ್ಯವಸ್ಥೆಯನ್ನು.

ನನ್ನ ಒಲವು 12 ಬೋರಿನ (ಬೋರ್ ಎಂದರೆ ನಳಿಗೆಯ ಒಳ ಅಗಲದ ಅಳತೆ) ಜೋಡಿ ನಳಿಗೆಯತ್ತ. ಮೇಲಿನ ಸನ್ನೆಕೋಲನ್ನು ಹೆಬ್ಬೆರಳಿನಿಂದ ಪಕ್ಕಕ್ಕೆ ತಳ್ಳಿದರೆ ಬಂದೂಕು ನಡುವೆ ಮಡಚಿಕೊಳ್ಳುತ್ತದೆ. ತೋಟಾ ಕೂರುವ ಎರಡೂ ಕೋಣೆಗಳು ಖಾಲಿ ಇವೆಯೆಂಬುದು ನಮಗೂ, ಪಕ್ಕದಲ್ಲಿ ನಿಂತವರಿಗೂ ಒಮ್ಮೆಲೇ ಕಾಣುತ್ತದೆ. ಬದುವು ದಾಟುವಾಗ ಈ ಅನುಕೂಲಕ್ಕೆ ಸಮನಾದದ್ದಿಲ್ಲ. ಹಳೆಯದನ್ನು ಕೊಳ್ಳುವುದಾದರೆ ಮುಂದಿನ ಕೈಹಿಡಿಯ ಮರ ಬಿಚ್ಚಿ, ಮುಚ್ಚಿದ ಸ್ಥಿತಿಯಲ್ಲೇ ನಳಿಗೆಯನ್ನು ಮೆಲ್ಲಗೆ ಅಲ್ಲಾಡಿಸಿ ನೋಡಿ: ಕೀಲು ಕಟಕಟ ಎಂದರೆ ಬಿಟ್ಟುಬಿಡಿ. ಕೋಣೆಯ ಉದ್ದ 65 ಮಿಲಿಮೀಟರ್ ಇದ್ದರೆ 70 ಮಿಲಿಮೀಟರಿನ ತೋಟಾ ಹಾಕಲೇಬಾರದು. ತೋಟಾ ಒಳಗೆ ಹೋಗುತ್ತದೆ, ಆದರೆ ಹಾರಿಸಿದಾಗ ಅದರ ಬಾಯಿ ಬಿಚ್ಚಿಕೊಳ್ಳಲು ಜಾಗವಿಲ್ಲದೆ ಒತ್ತಡ ಏರುತ್ತದೆ.

ಪಂಪ್ ಬಗೆಯಲ್ಲಿ ಪ್ರತಿ ಸಲ ತೋಟಾ ಬದಲಿಸಲು ನಳಿಗೆಯ ಕೆಳಗಿನ ಮುಂಗೈಹಿಡಿಯನ್ನು ಪೂರ್ತಿ ಹಿಂದಕ್ಕೆಳೆದು ಪೂರ್ತಿ ಮುಂದಕ್ಕೆ ತಳ್ಳಬೇಕು. ಗಾಬರಿಯಲ್ಲಿ ಅರ್ಧ ಎಳೆದರೆ ತೋಟಾ ಸಿಕ್ಕಿಕೊಳ್ಳುತ್ತದೆ. ತೋಟಾ ತುಂಬಿಡುವ ಕೊಳವೆ ಖಾಲಿಯಾದರೂ ಕೋಣೆಯಲ್ಲಿ ಒಂದು ಉಳಿದಿರಬಹುದು, ಬೆರಳು ಹಾಕಿ ನೋಡಿ.

ಹಾರಿಸಿದೊಡನೆ ತಾನೇ ಮುಂದಿನ ತೋಟಾ ತುಂಬಿಕೊಳ್ಳುವ ಅರೆ ಸ್ವಯಂಚಾಲಿತ ಬಗೆಗೆ ಭುಜಕ್ಕೆ ಬೀಳುವ ಒದೆತ ಕಡಿಮೆ, ಆರೈಕೆ ಹೆಚ್ಚು. ಗದಗಿನ ಎರೆಮಣ್ಣಿನ ಧೂಳಿಗೆ ನಾನಂತೂ ಅದನ್ನು ಹೇಳಲಾರೆ. ಒಂಟಿ ನಳಿಗೆ ಹಗುರ, ಅಗ್ಗ. ಹೆದರಿಸಲು ಅಷ್ಟೇ ಸಾಕು.

ಲೈಸೆನ್ಸ್ ಇದ್ದ ಮಾತ್ರಕ್ಕೆ ಪ್ರಾಣಿ ಕೊಲ್ಲುವ ಅನುಮತಿ ಸಿಗುವುದಿಲ್ಲ. ರಾಣೆಬೆನ್ನೂರಿನ ಕೃಷ್ಣಮೃಗವಂತೂ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆಯಲ್ಲಿದೆ.