ಹಿಮ ಬದಲಾದಂತೆ ಡೈರೆಕ್ಷನಲ್ ಬೋರ್ಡ್ ನಡೆಸುವುದು: ಬಳ್ಳಾರಿಯಿಂದ ಗುಲ್ಮಾರ್ಗ್‌ಗೆ ಹೊರಟವರಿಗೆ

ಡೈರೆಕ್ಷನಲ್ ಸ್ನೋಬೋರ್ಡ್‌ಗೆ (ಎರಡೂ ಕಾಲು ಕಟ್ಟಿಕೊಂಡು ಹಿಮದ ಮೇಲೆ ಜಾರುವ ಹಲಗೆ) ಮುಂದು ಹಿಂದು ಬೇರೆ. ಮೂತಿ ಉದ್ದ, ಅಗಲ. ಬಾಲ ಗಿಡ್ಡ, ಹೆಚ್ಚಾಗಿ ಮೂತಿಗಿಂತ ಗಟ್ಟಿ. ಕಾಲಿಡುವ ಜಾಗವನ್ನು ತಯಾರಕರೇ ನಡುವಿನಿಂದ ಒಂದೆರಡು ಸೆಂಟಿಮೀಟರ್ ಹಿಂದಕ್ಕೆ ಸರಿಸಿರುತ್ತಾರೆ. ಬಹಳ ಜನ ಎಡವುವುದು ಇಲ್ಲೇ. ಇದು ಹಿಂದಕ್ಕೆ ವಾಲಿ ಓಡಿಸುವ ಬೋರ್ಡ್ ಎಂದುಕೊಂಡು ಹಿಂಗಾಲ ಮೇಲೆ ಕೂರುತ್ತಾರೆ. ಆಗ ಮೂತಿಯ ಅಂಚಿಗೆ ಹಿಡಿತ ಸಿಗುವುದಿಲ್ಲ, ತಿರುವು ತಡವಾಗುತ್ತದೆ, ಹಿಂದಿನ ತೊಡೆ ಉರಿಯತೊಡಗುತ್ತದೆ.

ಬೈಂಡಿಂಗ್ (ಬೂಟನ್ನು ಬೋರ್ಡಿಗೆ ಕಟ್ಟುವ ಪಟ್ಟಿ) ಕೋನವನ್ನು ಮುಂಗಾಲಿಗೆ +18 ಡಿಗ್ರಿ, ಹಿಂಗಾಲಿಗೆ +3 ಇಟ್ಟು ಶುರುಮಾಡಿ (+ ಎಂದರೆ ಕಾಲ್ಬೆರಳು ಮೂತಿಯ ಕಡೆಗೆ ತಿರುಗಿರುವುದು); ಮಂಡಿ ನೋವು ಬಂದರೆ ಮೂರು ಡಿಗ್ರಿಯಷ್ಟು ಆಚೀಚೆ ಮಾಡಿ. ಹೊಸ ಹಿಮ ಬಿದ್ದ ದಿನ ಎರಡೂ ಬೈಂಡಿಂಗನ್ನು ಒಂದು ತೂತು ಹಿಂದಕ್ಕೆ ಸರಿಸಬಹುದು (ಸಾಮಾನ್ಯ ತೂತಿನ ಬೋರ್ಡಿನಲ್ಲಿ ಅದು 2 ಸೆಂ.ಮೀ.). ಗಟ್ಟಿ ಹಿಮಕ್ಕೆ ಮತ್ತೆ ಮೊದಲಿನ ಜಾಗಕ್ಕೇ ತನ್ನಿ. ಮೊದಲ ಇಳಿತ ಮುಗಿದ ಮೇಲೆ ಸ್ಕ್ರೂಗಳನ್ನು ಇನ್ನೊಮ್ಮೆ ಬಿಗಿಮಾಡಿ.

ಯಂತ್ರದಿಂದ ಒತ್ತಿ ಹದಮಾಡಿದ ಹಿಮದಲ್ಲಿ ಮುಂದಿನ ಮಂಡಿಯನ್ನು ಹೊಸ ಅಂಚಿನತ್ತ (ತಿರುಗಬೇಕಾದ ಕಡೆಯ ಅಂಚು) ಒತ್ತಿ ತಿರುವು ಶುರುಮಾಡಿ, ನಡುವೆ ಭಾರ ಎರಡೂ ಕಾಲಿಗೆ ಸಮ ಹಾಕಿ, ಮುಗಿಸುವಾಗ ತುಸು ಹಿಂಗಾಲಿಗೆ ಬಿಡಿ. ಇದು ಕೂಡಿಬಂದರೆ ಉಳಿದ ಹಿಮಗಳಲ್ಲಿ ಆಗಬೇಕಾದದ್ದು ಭಾರದ ಅಳತೆಯ ಬದಲಾವಣೆ ಮಾತ್ರ.

ಬೆಳಗಿನ ಮಂಜುಗಡ್ಡೆಯಂಥ ಇಳಿಜಾರಿನಲ್ಲಿ ಬೋರ್ಡನ್ನು ಜೋರಾಗಿ ಓರೆಮಾಡಿ ಒತ್ತಿದರೆ ಅಂಚು ಜಾರಿ ಹೋಗುತ್ತದೆ. ಮೈಯನ್ನು ಗುಡ್ಡದ ಕಡೆಗೆ ವಾಲಿಸದೆ ಅಂಚಿನ ನೇರ ಮೇಲೆ ಇಟ್ಟುಕೊಳ್ಳಿ, ಕಣಕಾಲು ಮಂಡಿ ಮಡಿಸಿ, ಹಿಂಗಾಲನ್ನು ಒದೆಯಬೇಡಿ. ನೆರಳಿನ ಗಟ್ಟಿ ಜಾಗದಲ್ಲಿ ನೇರ ದಾಟಿ, ಮೆತ್ತಗಿರುವಲ್ಲಿ ತಿರುಗಿ. ಮೊಂಡ ಅಂಚಿಟ್ಟುಕೊಂಡು ಇದನ್ನೆಲ್ಲ ಮಾಡಿ ಫಲವಿಲ್ಲ. ಹಿಂದಿನ ರಾತ್ರಿ ಅಂಚು ಮಸೆದಿರಬೇಕು.

ಆಳದ ಪುಡಿ ಹಿಮಕ್ಕೇ ಈ ಬೋರ್ಡ್ ಹುಟ್ಟಿದ್ದು. ಹಗರಿ ಹೊಳೆಯ ಒಣ ಮರಳಲ್ಲಿ ಬೈಕ್ ಓಡಿಸಿದವರಿಗೆ ಅರ್ಥವಾಗುತ್ತದೆ: ವೇಗ ಇಳಿದ ಕೂಡಲೇ ಹೂಳುತ್ತದೆ. ಅಗಲ ಮೂತಿ ತೇಲುತ್ತದೆ, ಗಿಡ್ಡ ಬಾಲ ತಾನಾಗಿ ಮುಳುಗುತ್ತದೆ, ಹಾಗಾಗಿ ಹಿಂಗಾಲಿಗೆ ಕೊಂಚವೇ ಹೆಚ್ಚು ಭಾರ ಸಾಕು. ಹಿಂಗಾಲಿಂದ ಬಾಲ ತಳ್ಳಿ ತಿರುಗಿಸಬೇಡಿ. ಎರಡೂ ಕಾಲು ಒಟ್ಟಿಗೆ ಒತ್ತಿ, ಒಟ್ಟಿಗೆ ಹಗುರ ಮಾಡಿ. ಹಗುರಾದ ಗಳಿಗೆಯಲ್ಲೇ ತಿರುವು ಬರುತ್ತದೆ. ಚಪ್ಪಟೆ ಜಾಗದಲ್ಲಿ ನಿಲ್ಲಬೇಡಿ. ನಿಂತು ಬೈಂಡಿಂಗ್ ಬಿಚ್ಚಿದರೆ ಸೊಂಟದವರೆಗೆ ಇಳಿಯುವಿರಿ. ಮರಗಳ ಬುಡದ ಸುತ್ತ ಹಿಮ ಪೊಳ್ಳಾಗಿರುತ್ತದೆ. ತಲೆಕೆಳಗಾಗಿ ಬಿದ್ದರೆ ಉಸಿರುಗಟ್ಟುತ್ತದೆ, ದೂರವಿರಿ.

ಮಧ್ಯಾಹ್ನದ ಹೊತ್ತಿಗೆ ಎಲ್ಲರೂ ಓಡಾಡಿ ಅದೇ ಹಿಮ ಗಡ್ಡೆ ಗಡ್ಡೆಯಾಗಿರುತ್ತದೆ. ಮಂಡಿ ಸಡಿಲ ಬಿಟ್ಟು ಭಾರವನ್ನು ನಡುವಿಗೆ ತನ್ನಿ, ಗಡ್ಡೆಗಳನ್ನು ತಪ್ಪಿಸಲು ಹೋಗದೆ ಹಾದು ಹೋಗಿ. ಗಾಳಿಗೆ ಮೇಲ್ಪದರ ಗಟ್ಟಿಯಾಗಿದ್ದರೆ ಅಗಲ ತಿರುವು ಹಾಕಿ, ಪ್ರತಿ ತಿರುವಿಗೂ ಮುನ್ನ ಮೈ ಮೇಲೆತ್ತಿ ಹಗುರಾಗಿ. ಮಾರ್ಚಿನ ಒದ್ದೆ ಹಿಮ ಬೋರ್ಡಿನ ತಳವನ್ನು ಹೀರಿ ಹಿಡಿಯುತ್ತದೆ: ಬಿಸಿಲಿನ ಹಿಮಕ್ಕೆ ಹೊಂದುವ ವ್ಯಾಕ್ಸ್ ಬೇಕು. ನೆರಳಿಂದ ಬಿಸಿಲಿಗೆ ಬರುವಾಗ ವೇಗ ಥಟ್ಟನೆ ಕುಸಿಯುತ್ತದೆ, ಮುಗ್ಗರಿಸದಂತೆ ಮುಂಚೆಯೇ ಹಿಂದಕ್ಕೆ ಸರಿಯಿರಿ.

ಹಿಂದು ಮುಂದಾಗಿ ಓಡುವುದನ್ನು ಗಟ್ಟಿ ಹಿಮದಲ್ಲಿ ಮಾತ್ರ ಕಲಿಯಿರಿ. ಮೆತ್ತನೆಯಲ್ಲಿ ಗಿಡ್ಡ ಬಾಲ ಹೂತು ಬೀಳಿಸುತ್ತದೆ.

ಗುಲ್ಮಾರ್ಗ್ 2,600 ಮೀಟರಿಗೂ ಮೇಲಿದೆ, ಬಳ್ಳಾರಿ 500ರ ಒಳಗೆ. ಮೊದಲ ದಿನ ಸುಮ್ಮನಿರಿ, ನೀರು ಕುಡಿಯಿರಿ. ಗೊಂಡೋಲಾದ (ಅಲ್ಲಿನ ಕೇಬಲ್ ಕಾರ್) ಎರಡನೇ ಹಂತದಾಚೆಯ ಇಳಿಜಾರುಗಳಲ್ಲಿ ಹಿಮಕುಸಿತ ನಿಜವಾದ ಅಪಾಯ. ಗಸ್ತು ತಂಡ ತೆರೆಯುವ ಮುನ್ನ ಅಲ್ಲಿಗೆ ಹೋಗಬೇಡಿ. ಹೋದಾಗಲೂ ಪ್ರತಿಯೊಬ್ಬರ ಬಳಿ ಬೀಕನ್ (ಹೂತವರನ್ನು ಪತ್ತೆಹಚ್ಚುವ ಸಂಕೇತ ಯಂತ್ರ), ಪ್ರೋಬ್ (ಹಿಮದೊಳಗೆ ಚುಚ್ಚಿ ಹುಡುಕುವ ಉದ್ದ ಕೋಲು), ಸಲಿಕೆ ಇರಬೇಕು, ಬಳಸಲು ಬರಬೇಕು. ತೊಡೆ ಗಟ್ಟಿಮಾಡಿಕೊಳ್ಳಲು ಕೋಟೆ ಗುಡ್ಡದ ಮೆಟ್ಟಿಲುಗಳಿವೆ: ಹತ್ತುವುದಕ್ಕಿಂತ ನಿಧಾನಕ್ಕೆ ಇಳಿಯುವುದು ಈ ಕೆಲಸಕ್ಕೆ ಹತ್ತಿರ.

ಊರಿಗೆ ಮರಳಿದ ಮೇಲೆ ಅಂಚು ಒರೆಸಿ ಒಣಗಿಸಿ, ತಳಕ್ಕೆ ದಪ್ಪ ವ್ಯಾಕ್ಸ್ ಕರಗಿಸಿ ಹಚ್ಚಿ, ಕೆರೆಯದೆ ಬಿಡಿ; ಬೈಂಡಿಂಗ್ ಸ್ಕ್ರೂ ಸಡಿಲಿಸಿ. ಏಪ್ರಿಲ್-ಮೇ ಬಿಸಿಲಲ್ಲಿ ತಗಡಿನ ಚಾವಣಿಯ ಕೆಳಗಾಗಲಿ ಕಾರಿನ ಡಿಕ್ಕಿಯಲ್ಲಾಗಲಿ ಇಡಬೇಡಿ, ಪದರಗಳ ಅಂಟು ಬಿಡುವ ಭಯವಿದೆ. ಒಳಕೋಣೆಯ ತಂಪಾದ ಮೂಲೆ ಸಾಕು. ಮುಂದಿನ ಡಿಸೆಂಬರಿಗೆ ಹೊರಡುವ ಹಿಂದಿನ ದಿನ ವ್ಯಾಕ್ಸ್ ಕೆರೆದು ಸ್ಕ್ರೂ ಬಿಗಿಯಿರಿ.