8 ಮಿಲಿಮೀಟರ್ ರಿಂಗು, ಒಮೆಗಾ ಸೆಂಟಾರಿ

ಐದು ಇಂಚಿನ ಷ್ಮಿಟ್-ಕ್ಯಾಸೆಗ್ರೇನ್ ಟೆಲಿಸ್ಕೋಪಿಗೆ 0.63 ರೆಡ್ಯೂಸರ್ (ಫೋಕಲ್ ಉದ್ದವನ್ನು 0.63 ಪಟ್ಟಿಗೆ ಇಳಿಸುವ ಮಸೂರ) ಹಾಕಿ ಒಮೆಗಾ ಸೆಂಟಾರಿ ಎಂಬ ನಕ್ಷತ್ರಗುಚ್ಛದ ಚಿತ್ರ ಹಿಡಿಯುತ್ತೇನೆ ಎಂದಾಗ ನಮ್ಮ ಗುಂಪಿನಲ್ಲಿ ಒಬ್ಬರೂ ಒಪ್ಪಲಿಲ್ಲ. "ಚಿತ್ರದ ಮೂಲಿ ಕೆಡ್ತಾವ, ಸುಮ್ನ ರೊಕ್ಕ ದಂಡ" ಅಂದರು. ಯುಗಾದಿ ಅಮಾವಾಸ್ಯೆಗೆ ವಿಜಯಪುರ ಜಿಲ್ಲೆಯ ಬಬಲೇಶ್ವರದ ಕಡೆ ಹೊಲದಲ್ಲಿ ತೆಗೆದ ಚಿತ್ರ ಈಗ ಅವರ ಫೋನುಗಳಲ್ಲೂ ಇದೆ.

ಆಕಾಶದ ಜೊತೆ ಟೆಲಿಸ್ಕೋಪನ್ನು ತಿರುಗಿಸುವ ನನ್ನ ಮೌಂಟ್, ಒಂದು ಫ್ರೇಮು 60 ಸೆಕೆಂಡ್ ದಾಟಿದರೆ ಚುಕ್ಕಿಗಳನ್ನು ಎಳೆಯುತ್ತದೆ. ರೆಡ್ಯೂಸರ್ ಇಲ್ಲದ ಎಫ್/10ರಲ್ಲಿ (ಫೋಕಲ್ ಉದ್ದ ವ್ಯಾಸದ ಹತ್ತು ಪಟ್ಟು) 90 ಸೆಕೆಂಡಾದರೂ ಬೇಕಿತ್ತು. ರೆಡ್ಯೂಸರ್ ಹಾಕಿದರೆ ಎಫ್/6.3, ಅಂದರೆ ಎರಡೂವರೆ ಪಟ್ಟು ಬೇಗ. 40 ಸೆಕೆಂಡ್ ಸಾಕಾಯಿತು.

ಆದರೆ ಅಲ್ಲಿಗೆ ಬರುವಷ್ಟರಲ್ಲಿ ಒಂದೂವರೆ ವರ್ಷ ಹೋಯಿತು. ಮೊದಲು ಸುಮಾರು ಎರಡೂವರೆ ಸಾವಿರದ ಅಗ್ಗದ ರೆಡ್ಯೂಸರ್ ತಂದೆ. ಪ್ರತಿ ದೊಡ್ಡ ಚುಕ್ಕಿಗೂ ಒಂದು ನೆರಳು ಚುಕ್ಕಿ. ಆ ದುಡ್ಡು ಹೋಯಿತು. ಆಮೇಲೆ ಒಂಬತ್ತು ಸಾವಿರ ಕೊಟ್ಟು ಒಳ್ಳೆಯದನ್ನು ಸೆಕೆಂಡ್ ಹ್ಯಾಂಡ್ ತಗೊಂಡೆ. ಅದರಲ್ಲೂ ನಡುವಿನ ಚುಕ್ಕಿ ಜೋಳದ ಕಾಳಿನಂತೆ ದುಂಡಗೆ, ಮೂಲೆಯದು ಗೋಧಿ ಕಾಳಿನಂತೆ ಉದ್ದ. ಎರಡು ತಿಂಗಳು ಗಾಜಿನ ಮೇಲೇ ಅನುಮಾನಪಟ್ಟೆ. ಕೊನೆಗೆ ಸ್ಕೇಲ್ ಹಿಡಿದು ಅಳೆದೆ. ಕ್ಯಾಮೆರಾದ ಸೆನ್ಸರ್ ರೆಡ್ಯೂಸರಿನಿಂದ 105 ಮಿಲಿಮೀಟರ್ ದೂರದಲ್ಲಿ ಇರಬೇಕು, ನನ್ನದು 97ರ ಆಸುಪಾಸು. ಎರಡನ್ನೂ ಜೋಡಿಸುವ ಅಡಾಪ್ಟರೇ ಗಿಡ್ಡ!

ಕಮ್ಮಿ ಬಿದ್ದ 8 ಮಿಲಿಮೀಟರ್ ತುಂಬಲು ರಿಂಗು ಮಾಡಿಸೋಣ ಎಂದು ಲೇತ್ ಅಂಗಡಿಗೆ ಹೋದೆ. "ಸರ್, ಇಷ್ಟ ಸಣ್ಣ ಥ್ರೆಡ್ ಯಾಕ ಬೇಕ್ರಿ?" ಎಂದ ಹುಡುಗ 42 ಮಿಲಿಮೀಟರಿಗೆ 1 ಮಿಲಿಮೀಟರ್ ಪಿಚ್ (ಥ್ರೆಡ್ಡಿನ ಸುತ್ತುಗಳ ನಡುವಿನ ಅಂತರ) ಹೊಡೆದುಬಿಟ್ಟ. ಎರಡು ಸುತ್ತು ಹೋಗಿ ಕಚ್ಚಿಕೊಂಡಿತು. ಬೇಕಿದ್ದದ್ದು 0.75. ನಾನೂ ಬರೆದು ಕೊಟ್ಟಿರಲಿಲ್ಲ. ಮತ್ತೆ ನಾನೂರು ರೂಪಾಯಿ. ಎರಡನೇ ಅಲ್ಯೂಮಿನಿಯಂ ರಿಂಗು ಬೆರಳ ತುದಿಯಲ್ಲೇ ಬೆಣ್ಣೆಯಂತೆ ತಿರುಗಿತು. ಒಳಗೆ ಮಸಿಗಪ್ಪು ಬಣ್ಣ ಬಳಿಯುವುದನ್ನು ಮರೀಬೇಡಿ, ಹೊಳಪು ಇದ್ದರೆ ಚಿತ್ರದಲ್ಲಿ ಮಂಜು ಬರುತ್ತದೆ.

ನಡುವೆ ಇದೇ ರೆಡ್ಯೂಸರನ್ನು ಗೆಳೆಯನ 80 ಮಿಲಿಮೀಟರ್ ಎಫ್/5 ರಿಫ್ರಾಕ್ಟರಿಗೆ (ಮಸೂರದ ಟೆಲಿಸ್ಕೋಪು) ಹಾಕಿ ನೋಡಿದೆ. ಅಂಚೆಲ್ಲ ಕಲಸಿಹೋಯಿತು. ಆ ದಾರಿ ಬೇಡ.

ಮೌಂಟ್ ಹೊಂದಿಸಲು ಬೇಕಾದ ಧ್ರುವ ನಕ್ಷತ್ರ ಇಲ್ಲಿ 17 ಡಿಗ್ರಿ ಎತ್ತರದಲ್ಲಷ್ಟೇ ಸಿಗುತ್ತದೆ, ಹೊಲದ ಬೇವಿನ ಮರಕ್ಕೇ ಮರೆಯಾಗುತ್ತದೆ. ಅದಕ್ಕೆ ಜಾಗ ಬದಲಿಸಿದೆ. ಬೇಸಿಗೆಯ ಎರೆ ನೆಲ ಬಿರುಕು ಬಿಟ್ಟಿರುತ್ತೆ ಅಲ್ವಾ, ಒಮ್ಮೆ ಟ್ರೈಪಾಡಿನ ಕಾಲು ಜಾರಿ ಇಡೀ ರಾತ್ರಿ ಕೆಟ್ಟಿತು. ಈಗ ಮೂರು ಕಾಲಿಗೂ ಶಹಾಬಾದ್ ಕಲ್ಲಿನ ತುಂಡು.

ನಡುರಾತ್ರಿ ದಾಟಿದ ಮೇಲೆ ಒಮೆಗಾ ತೆಂಕಣದಲ್ಲಿ 26 ಡಿಗ್ರಿಯಷ್ಟು ಮೇಲೆ ಬಂತು. ಐಎಸ್‌ಒ 1600, ಎಪ್ಪತ್ತರಷ್ಟು ಫ್ರೇಮು. ಫ್ಲಾಟ್‌ಗೆ (ಮೂಲೆಗಳ ಕತ್ತಲು ಸರಿಮಾಡಲು ತೆಗೆಯುವ ಸಮಬೆಳಕಿನ ಚಿತ್ರ) ಟೆಲಿಸ್ಕೋಪಿನ ಕೊಳವೆಯ ಬಾಯಿಗೆ ಬಿಳಿ ಬನಿಯನ್ ಬಿಗಿದು ಮೇಲೆ ಟ್ಯಾಬ್ಲೆಟ್ ಇಟ್ಟೆ. ಇದನ್ನು ಬಿಟ್ಟರೆ ಮೂಲೆಗಳು ಕಪ್ಪಾಗುತ್ತವೆ. ಟೆಲಿಸ್ಕೋಪ್ ತಿರುಗಿದಾಗ ಕನ್ನಡಿ ಜಾರದಂತೆ ಒಂದು ಉಪಾಯ ಮಾಡಿದ್ದೇನೆ. ಅದು ಸದ್ಯ ನನ್ನಲ್ಲೇ ಇರಲಿ.

ಮೊದಲ ಫ್ರೇಮನ್ನು ಸ್ಕ್ರೀನಿನಲ್ಲಿ ದೊಡ್ಡದು ಮಾಡಿದಾಗ, 17,000 ಜ್ಯೋತಿರ್ವರ್ಷ ದೂರದ ಆ ಗುಚ್ಛದ ಅಂಚಿನ ಚುಕ್ಕಿಗಳು ಒಂದೊಂದಾಗಿ ಬಿಡಿಸಿ ಕಂಡವು. ಮೂರು ಮೂಲೆಯಲ್ಲೂ ಜೋಳದ ಕಾಳು. ಕೆಳಗಿನ ಎಡ ಮೂಲೆ ಮಾತ್ರ ಇನ್ನೂ ತುಸು ಗೋಧಿ. ರಿಂಗು ಕೂದಲೆಳೆಯಷ್ಟು ಓರೆ ಇರಬೇಕು, ಒಂದು ಕಡೆ ಕಾಗದದ ಚೂರು ಇಟ್ಟು ನೋಡುತ್ತಿದ್ದೇನೆ.