ನಲವತ್ತೇಳಕ್ಕೆ ಮತ್ತೆ ಉಲ್ಲನ್ ಚೆಂಡು

ಬಾಲ್ ಬ್ಯಾಡ್ಮಿಂಟನ್ ಆಡ್ತೀನಿ ಅಂದರೆ ಈಗಿನ ಮಕ್ಕಳು ಶಟಲ್ ಅಂದುಕೊಳ್ಳುತ್ತಾರೆ. ನನ್ನ ಕಾಲದಲ್ಲಿ ಹೈಸ್ಕೂಲು ಓದಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮಣ್ಣಿನ ಅಂಕಣ, ಹಳದಿ ಉಲ್ಲನ್ ಚೆಂಡು, ಒಂದೊಂದು ಕಡೆ ಐದೈದು ಜನ. ಹಾಸನ ಜಿಲ್ಲೆಯ ಶಾಲೆಯೊಂದರಲ್ಲಿ ನಾನು ಇದನ್ನು ಕಲಿತೆ, ತಾಲ್ಲೂಕು ಮಟ್ಟದಲ್ಲಿ ಆಡಿದೆ. ಪಿಯುಸಿ ಆದಮೇಲೆ ಓದು, ಬ್ಯಾಂಕ್ ಕೆಲಸ, ಮದುವೆ, ಮಕ್ಕಳು ಅಂತ ರಾಕೆಟ್ ಮುಟ್ಟಲೇ ಇಲ್ಲ. ಈಗ ಮೈಸೂರಿನಲ್ಲಿ, ನಲವತ್ತೇಳನೇ ವಯಸ್ಸಿನಲ್ಲಿ, ಮತ್ತೆ ಆಡುತ್ತಿದ್ದೇನೆ. ನನ್ನ ಹಾಗೆ ಮನಸ್ಸಿದ್ದೂ ಹಿಂಜರಿಯುವ ಹೆಂಗಸರು ತುಂಬಾ ಜನ ಇದ್ದಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಕಣ್ಣು ಮತ್ತು ಕೈ ಆಟವನ್ನು ಮರೆಯುವುದಿಲ್ಲ. ಎದುರಿನವರ ಮಣಿಕಟ್ಟು ತಿರುಗುವಾಗಲೇ ಚೆಂಡು ಎಲ್ಲಿ ಬೀಳುತ್ತದೆ ಅಂತ ಹೊಳೆದುಬಿಡುತ್ತದೆ. ಅಪಾಯ ಇರುವುದೂ ಅಲ್ಲೇ. ತಲೆ "ಓಡು" ಅನ್ನುತ್ತದೆ, ಕಾಲು ಹದಿನಾರರದ್ದಲ್ಲ. ಸ್ನಾಯುಗಳು ಕೆಲವು ವಾರಗಳಲ್ಲಿ ಬಲ ತುಂಬಿಕೊಳ್ಳುತ್ತವೆ, ಆದರೆ ಅವನ್ನು ಮೂಳೆಗೆ ಕಟ್ಟಿರುವ ಸ್ನಾಯುರಜ್ಜುಗಳಿಗೆ (ಟೆಂಡನ್) ತಿಂಗಳುಗಟ್ಟಲೆ ಬೇಕು. ಹಿಮ್ಮಡಿಯ ಹಿಂದಿನ ದಪ್ಪ ಸ್ನಾಯುರಜ್ಜು ಮಧ್ಯವಯಸ್ಸಿನ ಆಟಗಾರರಿಗೆ ಕೈಕೊಡುವುದು ಹೀಗೇ. ನಮ್ಮ ಅಂಕಣ ಬೇರೆ 24 ಮೀಟರ್ ಉದ್ದ, 12 ಮೀಟರ್ ಅಗಲ. ಚೆಂಡು ನೆಲ ಮುಟ್ಟುವ ಮೊದಲೇ ಹೊಡೆಯಬೇಕು. ಹಾಗಾಗಿ ನಿಂತಲ್ಲಿಂದ ಥಟ್ಟನೆ ಮುನ್ನುಗ್ಗುವುದೇ ಜಾಸ್ತಿ.

ಅದಕ್ಕೇ ಡಾಕ್ಟರ ಹತ್ತಿರ ಬಿಪಿ, ಶುಗರ್ ತೋರಿಸಿಕೊಂಡು ಮೊದಲು ಕಾಲಿನ ಕೆಲಸ ಶುರು ಮಾಡಿದೆ. ಮನೆಯ ಮೆಟ್ಟಿಲೇ ಸಾಕು. ಕಂಬಿ ಹಿಡಿದು, ಪಾದದ ಮುಂಭಾಗ ಮಾತ್ರ ಮೆಟ್ಟಿಲ ಅಂಚಿನ ಮೇಲಿಟ್ಟು, ಎರಡೂ ಕಾಲಲ್ಲಿ ಮೇಲೇಳಬೇಕು. ಆಮೇಲೆ ಒಂದು ಕಾಲೆತ್ತಿ, ಇನ್ನೊಂದರ ಹಿಮ್ಮಡಿಯನ್ನು ನಿಧಾನವಾಗಿ ಮೆಟ್ಟಿಲಿಗಿಂತ ಕೆಳಗೆ ಇಳಿಸಬೇಕು. ಇಳಿಸುವಾಗ ಅವಸರ ಬೇಡ, ಪ್ರಯೋಜನ ಇರುವುದೇ ಇಳಿಸುವುದರಲ್ಲಿ. ಮೀನಖಂಡ ಉರಿಯುತ್ತದೆ, ಅದು ಸರಿ. ಹಿಮ್ಮಡಿಯ ಸ್ನಾಯುರಜ್ಜುವಿನಲ್ಲೇ ಚುಚ್ಚಿದ ಹಾಗಾದರೆ ನಿಲ್ಲಿಸಬೇಕು. ಇದು ನಿರಾಳವಾದ ಮೇಲೆ ಸ್ಕ್ವಾಟ್, ಪಕ್ಕಕ್ಕೆ ಜಾರುಹೆಜ್ಜೆ, ಆಮೇಲೆ ಚೆಂಡಿಲ್ಲದೆ ಸುಮ್ನೆ ಅಂಕಣದಲ್ಲಿ ಹಿಂದೆ ಮುಂದೆ ಓಡಾಟ.

ರಾಕೆಟ್ ಕೈಗೆ ಬಂದಾಗ ಭುಜದ ಸರದಿ. ಶಟಲ್ ಸುಮಾರು 5 ಗ್ರಾಂ ತೂಗುತ್ತದೆ, ನಮ್ಮ ಚೆಂಡು 27ರಿಂದ 30 ಗ್ರಾಂ. ರಾಕೆಟ್ಟೂ ಶಟಲ್‌ನದಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು ಭಾರ. ಪ್ರತಿ ಹೊಡೆತದ ಪೆಟ್ಟು ಮೊಣಕೈಗೆ ಬರುತ್ತದೆ. ಹಿಡಿಗೆ ಇನ್ನೊಂದು ಸುತ್ತು ಗ್ರಿಪ್ ಸುತ್ತಿಸಿದೆ, ಬಿಗಿಯಾಗಿ ಹಿಸುಕಿ ಹಿಡಿಯುವುದು ತಪ್ಪಿತು, ಮೊಣಕೈಗೆ ಆರಾಮ ಸಿಕ್ಕಿತು. ಶುರುವಿನಲ್ಲಿ ಸೊಂಟದ ಕೆಳಗಿನಿಂದ ಮಾಡುವ ಸರ್ವಿಸ್ ಮತ್ತು ಸಣ್ಣ ರ‍್ಯಾಲಿ ಮಾತ್ರ. ಅಟ್ಟದಲ್ಲಿ ಹಳೇ ಮರದ ರಾಕೆಟ್ ಇದ್ದರೆ ಸಮತಟ್ಟಾದ ಮೇಜಿನ ಮೇಲಿಟ್ಟು ನೋಡಿ. ಚೌಕಟ್ಟು ಬಾಗದಂತೆ ಬಿಗಿದಿಡುವ ಪ್ರೆಸ್ ಹಾಕದೆ ಇಟ್ಟಿದ್ದರೆ ಮಳೆಗಾಲದ ಥಂಡಿಗೆ ಅದು ತಿರುಚಿಕೊಂಡಿರುತ್ತದೆ, ಅದರಲ್ಲಿ ಆಡುವುದು ಬೇಡ.

ಈ ಆಟವನ್ನು ನಾನು ಇಷ್ಟು ಹಚ್ಚಿಕೊಳ್ಳಲು ಕಾರಣ ಆ ಐದು ಜಾಗಗಳು. ಸಿಂಗಲ್ಸ್ ಆಟದಲ್ಲಿ ಇಡೀ ಅಂಕಣ ಒಬ್ಬರ ತಲೆಯ ಮೇಲೆ. ಇಲ್ಲಿ ಇಬ್ಬರು ಮುಂದೆ, ಒಬ್ಬರು ಮಧ್ಯೆ, ಇಬ್ಬರು ಹಿಂದೆ. ಹುಡುಗಿಯಾಗಿದ್ದಾಗ ನಾನು ಹಿಂದೆ ಆಡುತ್ತಿದ್ದೆ, ಈಗ ಮುಂದೆ ನಿಲ್ಲುತ್ತೇನೆ. ಮುಂದಿನವರಿಗೆ ಓಟ ಕಡಿಮೆ. ಅವರಿಗೆ ಬೇಕಾದದ್ದು ಚುರುಕು ಕಣ್ಣು, ಮೆತ್ತಗಿನ ಕೈ. ಎದುರಾಳಿ ಬೀಸಿ ಹೊಡೆದ ಚೆಂಡಿಗೆ ರಾಕೆಟ್ ಅಡ್ಡ ಹಿಡಿದು, ಕೊನೇ ಗಳಿಗೆಯಲ್ಲಿ ಅದರ ಮುಖ ಸ್ವಲ್ಪ ವಾರೆ ಮಾಡಿದರೆ ಸಾಕು. ಉಲ್ಲನ್ ಚೆಂಡು ನೆಟ್ ದಾಟಿ ಅಲ್ಲೇ ಕುಸಿಯುತ್ತದೆ. ಇಪ್ಪತ್ತರ ಹುಡುಗಿಯರು ಓಡಿ ಬಂದರೂ ಸಿಗುವುದಿಲ್ಲ! ಈ ಕೆಲಸದಲ್ಲಿ ವಯಸ್ಸಾದವರದ್ದೇ ಮೇಲುಗೈ ಅಂತ ನನಗೆ ಖಂಡಿತ ಅನ್ನಿಸಿದೆ.

ನಾವು ಬಿಸಿಲು ಸ್ವಲ್ಪ ಏರಿದ ಮೇಲೆ ಆಟ ಶುರು ಮಾಡುತ್ತೇವೆ. ಇಬ್ಬನಿಗೆ ಉಲ್ಲನ್ ನೆನೆದರೆ ಚೆಂಡು ಭಾರವಾಗಿ ಭುಜಕ್ಕೆ ಕಷ್ಟ. ಆಡಿದ ಮರುದಿನ ನಾನು ಆಡುವುದಿಲ್ಲ, ನಡಿಗೆ ಅಷ್ಟೇ. ಹಳಬರಿಗೆ ಇನ್ನೊಂದು ಮಾತು: ಆಗ 29 ಅಂಕಕ್ಕೆ ಮುಗಿಯುತ್ತಿದ್ದ ಗೇಮ್ ಈಗ 35ಕ್ಕೆ ಹೋಗಿದೆ, ದಮ್ಮು ಆ ಲೆಕ್ಕಕ್ಕೆ ಕಟ್ಟಿಕೊಳ್ಳಬೇಕು.

ತಲೆಯ ಮೇಲಿಂದ ಬೀಸುವ ಸ್ಮ್ಯಾಷ್ ಇನ್ನೂ ಪೂರ್ತಿ ಶುರು ಮಾಡಿಲ್ಲ. ಬಾಗಿಲ ಚಿಲಕಕ್ಕೆ ರಬ್ಬರ್ ಬ್ಯಾಂಡ್ ಕಟ್ಟಿ, ಮೊಣಕೈ ಪಕ್ಕೆಗೊತ್ತಿ, ಮುಂಗೈಯನ್ನು ಹೊರಗೆ ಎಳೆಯುವ ವ್ಯಾಯಾಮ ನಡೆದಿದೆ. ಭುಜ ಒಪ್ಪಿದರೆ ದಸರಾ ಹೊತ್ತಿಗೆ ಮಧ್ಯದ ಜಾಗದಲ್ಲಿ ಆಡಿ ನೋಡಬೇಕು ಅಂತಿದ್ದೇನೆ.